ಪರದೆಯ ಮೇಲೆ ವೀಡಿಯೊ ಓಡದಿದ್ದರೆ: ಕ್ರೈಸ್ತ ಶಿಕ್ಷಣದ ಶಿಕ್ಷಕರಿಗೆ ಕೆಲವು ಕಿವಿಮಾತುಗಳು

ಭಾನುವಾರದ ಬಲಿಪೂಜೆ ಮುಗಿದು ಮಕ್ಕಳು ಚರ್ಚ್ ಸಭಾಂಗಣದಲ್ಲಿ ಸೇರಿದ್ದರು. ಸೆಪ್ಟೆಂಬರ್ 8ರ ತೆನೆ ಹಬ್ಬದ ಬಗ್ಗೆ ತಿಳಿಸಲು ಶಿಕ್ಷಕಿಯೊಬ್ಬರು ಮೂರು ರಾತ್ರಿ ಕುಳಿತು ಪವರ್‌ಪಾಯಿಂಟ್‌ನಲ್ಲಿ ಪಾಠ ಸಿದ್ಧಪಡಿಸಿದ್ದರು. ನಡುವೆ ಯೂಟ್ಯೂಬ್‌ನ ವೀಡಿಯೊ ಒಂದನ್ನೂ ಸೇರಿಸಿದ್ದರು. ಆ ಸ್ಲೈಡ್ ಬಂದಾಗ ಪರದೆಯಲ್ಲಿ ಕಂಡದ್ದು ಬರೀ ಕಪ್ಪು ಚೌಕ. ಮಕ್ಕಳು ಗಲಾಟೆ ಆರಂಭಿಸಿದರು, ಪಾಠ ಅಲ್ಲಿಗೇ ನಿಂತಿತು. "ಇನ್ನು ನನಗೆ ಈ ಕಂಪ್ಯೂಟರ್ ಬೇಡ" ಎಂದು ಅವರು ಹೇಳಿದಾಗ ನಮಗೆ ನಿಜಕ್ಕೂ ಬೇಸರವಾಯಿತು. ವಾರಕ್ಕೊಮ್ಮೆ ಸಿಗುವ ತರಗತಿ ಹೀಗೆ ವ್ಯರ್ಥವಾಗಬಾರದೆಂಬ ಉದ್ದೇಶದಿಂದ ಈ ಮಾಹಿತಿ ನೀಡುತ್ತಿದ್ದೇವೆ.

ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದೇ. 'ಆನ್‌ಲೈನ್ ವೀಡಿಯೊ' ಎಂದು ಸೇರಿಸಿದ್ದು ನಮ್ಮ ಫೈಲಿನೊಳಗೆ ಇರುವುದಿಲ್ಲ. ಫೈಲಿನಲ್ಲಿರುವುದು ಅದರ ವಿಳಾಸ ಮಾತ್ರ. ಪೆನ್‌ಡ್ರೈವ್‌ನಲ್ಲಿ ಫೈಲ್ ಕೊಂಡೊಯ್ದರೆ ವೀಡಿಯೊ ಜೊತೆಗೆ ಬರುವುದಿಲ್ಲ. ಪ್ರತಿ ಬಾರಿಯೂ ಅದು ಇಂಟರ್ನೆಟ್ ಮೂಲಕವೇ ಬರಬೇಕು. ಆದುದರಿಂದ ವೀಡಿಯೊ ಓಡದಿದ್ದಾಗ ಈ ಕ್ರಮದಲ್ಲಿ ಪರಿಶೀಲಿಸಿರಿ.

1. ಸಭಾಂಗಣದಲ್ಲಿ ಇಂಟರ್ನೆಟ್ ಇದೆಯೇ? ದಪ್ಪ ಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ ದುರ್ಬಲವಾಗಿರುತ್ತದೆ. ಪಾಠ ನಡೆಯುವ ಕಂಪ್ಯೂಟರಿನಲ್ಲೇ ಬ್ರೌಸರ್ ತೆರೆದು ಅದೇ ವೀಡಿಯೊ ಓಡಿಸಿ ನೋಡಿರಿ.

2. ಬ್ರೌಸರಿನಲ್ಲಿ ಓಡಿ, ಸ್ಲೈಡಿನಲ್ಲಿ ಓಡದಿದ್ದರೆ, ವೀಡಿಯೊದ ಮಾಲಕರು ಬೇರೆಡೆ ತೋರಿಸುವುದಕ್ಕೆ ಅನುಮತಿ ನೀಡದಿರಬಹುದು. ವಯಸ್ಸಿನ ನಿರ್ಬಂಧವಿರುವ ವೀಡಿಯೊಗಳಿಗೂ ಇದೇ ತೊಂದರೆ. ನೀವೇ ಯೂಟ್ಯೂಬ್‌ಗೆ ಹಾಕಿದ ವೀಡಿಯೊ ಆಗಿದ್ದರೆ ಅದು 'ಪ್ರೈವೇಟ್' ಆಗಿರಬಾರದು. 'ಅನ್‌ಲಿಸ್ಟೆಡ್' ಆಗಿದ್ದರೆ ಲಿಂಕ್ ಇದ್ದವರಿಗೆ ಕಾಣುತ್ತದೆ.

3. ಇಮೇಲ್ ಮೂಲಕ ಬಂದ ಫೈಲ್ ತೆರೆದಾಗ ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದು ಕಾಣಬಹುದು. ಕಳುಹಿಸಿದವರು ಪರಿಚಿತರಾಗಿದ್ದರೆ ಮಾತ್ರ 'ಎನೇಬಲ್ ಎಡಿಟಿಂಗ್' ಒತ್ತಿರಿ.

4. ಫೈಲ್ ಬಹಳ ಹಳೆಯದೇ? ಹಿಂದೆ ಪವರ್‌ಪಾಯಿಂಟ್ 2010ರಲ್ಲಿ ಯೂಟ್ಯೂಬ್ ವೀಡಿಯೊಗಳು ಫ್ಲ್ಯಾಶ್ ಪ್ಲೇಯರನ್ನು ಅವಲಂಬಿಸಿದ್ದವು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಅಂಥ ಸ್ಲೈಡಿನಿಂದ ಹಳೆಯ ವೀಡಿಯೊ ಅಳಿಸಿ, 'ಇನ್ಸರ್ಟ್', 'ವೀಡಿಯೊ', 'ಆನ್‌ಲೈನ್ ವೀಡಿಯೊಸ್' ಎಂಬಲ್ಲಿ ಹೊಸದಾಗಿ ವಿಳಾಸ ಹಾಕುವುದೇ ದಾರಿ.

5. ಚಿತ್ರ ಬಂದು ಧ್ವನಿ ಬಾರದಿದ್ದರೆ ಗಾಬರಿ ಬೇಡ. ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಧ್ವನಿಯು ಅನೇಕ ಸಲ ಪ್ರೊಜೆಕ್ಟರಿಗೆ ಹೋಗುತ್ತದೆ. ಪರದೆಯ ಕೆಳಗಡೆ ಬಲಬದಿಯ ಸ್ಪೀಕರ್ ಗುರುತನ್ನು ಒತ್ತಿ, ಸಭಾಂಗಣದ ಸ್ಪೀಕರಿಗೆ ಜೋಡಿಸಿದ ಸಾಧನವನ್ನು ಆರಿಸಿರಿ.

ಇಷ್ಟೆಲ್ಲ ಸರಿಯಿದ್ದರೂ ಮಳೆಗಾಲದಲ್ಲಿ ನೆಟ್‌ವರ್ಕ್ ಯಾವಾಗ ಕೈಕೊಡುವುದೋ ಹೇಳಲಾಗದು. ನಡುವೆ ಜಾಹೀರಾತು ಬಂದು ಮುಜುಗರ ಉಂಟಾಗುವುದೂ ಇದೆ. ಇದಕ್ಕೆ ಭದ್ರವಾದ ಪರಿಹಾರವೆಂದರೆ ವೀಡಿಯೊದ ಮೂಲ ಫೈಲನ್ನೇ ಸ್ಲೈಡಿನೊಳಗೆ ಸೇರಿಸುವುದು. 'ವೀಡಿಯೊ' ಎಂಬಲ್ಲಿ 'ದಿಸ್ ಡಿವೈಸ್' ಆರಿಸಿದರೆ ಆಯಿತು. ಎಂಪಿ4 ರೂಪದ ಫೈಲ್ ಉತ್ತಮ. ಗಾತ್ರ ಹೆಚ್ಚಾದರೆ 'ಫೈಲ್', 'ಇನ್ಫೋ' ಎಂಬಲ್ಲಿರುವ 'ಕಂಪ್ರೆಸ್ ಮೀಡಿಯಾ' ಬಳಸಿ ಕಿರಿದುಗೊಳಿಸಬಹುದು. ಆದರೆ ಇತರರ ವೀಡಿಯೊವನ್ನು ಅನುಮತಿಯಿಲ್ಲದೆ ಇಳಿಸಿಕೊಳ್ಳುವುದು ಸರಿಯಲ್ಲ. ಪ್ರಾಮಾಣಿಕತೆಯ ಪಾಠ ಹೇಳುವ ನಾವೇ ಹಾಗೆ ಮಾಡಬಾರದು. ಮಾಲಕರನ್ನು ಕೇಳಿ, ಮೂಲ ಫೈಲ್ ಪಡೆಯಿರಿ.

ನಮ್ಮ ಶಿಕ್ಷಕಿಯೊಡನೆ ಒಂದು ಶನಿವಾರ ಸಂಜೆ ಕುಳಿತು ಇದನ್ನೆಲ್ಲ ಮಾಡಿ ನೋಡಿದೆವು. ನಮ್ಮದೇ ಮಕ್ಕಳು ನೊವೆನಾದಲ್ಲಿ ಮರಿಯ ಮಾತೆಗೆ ಹೂ ಅರ್ಪಿಸಿದ ದೃಶ್ಯವು ಅವರ ಮೊಬೈಲಿನಲ್ಲಿತ್ತು. ಹೆತ್ತವರ ಒಪ್ಪಿಗೆ ಪಡೆದು ಅದನ್ನೇ ಸ್ಲೈಡಿಗೆ ಸೇರಿಸಿದರು. ಮರುದಿನ ಇಂಟರ್ನೆಟ್ ಇಲ್ಲದೆಯೂ ವೀಡಿಯೊ ಓಡಿತು. ತಮ್ಮನ್ನೇ ಪರದೆಯಲ್ಲಿ ಕಂಡ ಮಕ್ಕಳು ಸದ್ದಿಲ್ಲದೆ ಪಾಠ ಕೇಳಿದರು.

ಪ್ರಿಯ ಶಿಕ್ಷಕರೇ, ಪಾಠದ ಹಿಂದಿನ ದಿನ ಅದೇ ಸಭಾಂಗಣದಲ್ಲಿ, ಅದೇ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಿರಿ. ಅಕಸ್ಮಾತ್ ಕರೆಂಟ್ ಹೋದರೂ ಹೇಳಲು ಒಂದು ಕಥೆ ನಿಮ್ಮ ಬಳಿ ಇರಲಿ.