ಟ್ರಿಯೆಸ್ಟೆಗೆ ಹೊರಡುವ ಮುನ್ನ

ಕಮಲಾಪುರದ ಕೆಂಪು ಬಾಳೆ ಬೇರೆ ಮಣ್ಣಿನಲ್ಲಿ ನೆಟ್ಟರೆ ಅದೇ ರುಚಿ ಕೊಡುವುದಿಲ್ಲ ಎನ್ನುತ್ತಾರೆ ಅಲ್ಲಿನ ರೈತರು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗನೋ ಹುಡುಗಿಯೋ ಇಟಲಿಗೆ ಹೊರಟರೆ ಮನೆಯ ಹಿರಿಯರನ್ನು ಕಾಡುವುದೂ ಇದೇ ಅಳುಕು. ಅಲ್ಲಿ ಬೇರು ಬಿಟ್ಟೀತೆ? ಬಿಟ್ಟರೆ, ತಿರುಗಿ ಬಂದೀತೆ?

ಇಟಲಿಯ ಈಶಾನ್ಯ ಮೂಲೆಯ ಟ್ರಿಯೆಸ್ಟೆ ನಗರದಲ್ಲಿ ಈ ಎರಡನೆಯ ಪ್ರಶ್ನೆಯಿಂದಲೇ ಹುಟ್ಟಿದ ಸಂಸ್ಥೆಯೊಂದಿದೆ. ಕೇಂಬ್ರಿಜ್‌ನಲ್ಲಿ ಓದಿ 1951ರಲ್ಲಿ ಲಾಹೋರಿಗೆ ಮರಳಿದ ಅಬ್ದುಸ್ ಸಲಾಂ, ಸಂಶೋಧನೆಯ ಒಡನಾಟವಿಲ್ಲದೆ ಒಂಟಿಯಾಗಿ 1954ರಲ್ಲಿ ಮತ್ತೆ ದೇಶ ಬಿಟ್ಟರು. ಆ ಇಕ್ಕಟ್ಟು ಬೇರೆಯವರಿಗೆ ಬರಬಾರದೆಂದು 1964ರಲ್ಲಿ ಟ್ರಿಯೆಸ್ಟೆಯಲ್ಲಿ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರವನ್ನು ಕಟ್ಟಿದರು. ಬಡ ದೇಶಗಳ ವಿಜ್ಞಾನಿ ಇಲ್ಲಿಗೆ ಕೆಲವು ವಾರ ಬಂದು ಕೆಲಸ ಮಾಡಿ ತನ್ನೂರಿಗೆ ಮರಳಬೇಕು, ಮುಂದೆ ಮತ್ತೆ ಬರಬೇಕು ಎಂಬುದು ಅವರ ಯೋಜನೆ. ಸಲಾಂ ಅವರಿಗೆ ನೊಬೆಲ್ ಬಂದದ್ದು ಆಮೇಲೆ, 1979ರಲ್ಲಿ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1975ರಲ್ಲಿ ಡಾಕ್ಟರೇಟ್ ಪಡೆದ ಕೆ.ಆರ್. ಶ್ರೀನಿವಾಸನ್ 2003ರಿಂದ 2009ರವರೆಗೆ ಈ ಕೇಂದ್ರದ ನಿರ್ದೇಶಕರಾಗಿದ್ದರು. ಅವರ ಅಧ್ಯಯನದ ವಿಷಯ ದ್ರವಗಳ ಮತ್ತು ಗಾಳಿಯ ಪ್ರಕ್ಷುಬ್ಧ ಹರಿವು. ಅಂಥವರಿಗೆ ಟ್ರಿಯೆಸ್ಟೆಗಿಂತ ತಕ್ಕ ಊರು ಸಿಕ್ಕೀತೆ? ನಗರದ ಹಿಂದಿನ ಕಾರ್ಸ್ಟ್ ಪ್ರಸ್ಥಭೂಮಿಯ ಮೇಲೆ ತಣ್ಣಗಾಗಿ ಭಾರವಾದ ಗಾಳಿ ಕಡಲಿನತ್ತ ಜಾರಿ ಬೀಳುತ್ತದೆ. ಇದರ ಹೆಸರು ಬೋರಾ. ಅದರ ಹೊಡೆತ ಗಂಟೆಗೆ 100 ಕಿ.ಮೀ. ದಾಟುವುದುಂಟು. ಜನ ಹಿಡಿದು ನಡೆಯಲೆಂದು ಹಿಂದೆ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರು!

ಬಿಸಿಲೂರಿನಿಂದ ಹೋದವರಿಗೆ ಚಳಿಗಿಂತ ಕತ್ತಲೆಯೇ ಹೆಚ್ಚು ಕಷ್ಟ. ಟ್ರಿಯೆಸ್ಟೆ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಾಚೆ, ಕಲಬುರಗಿ ಇರುವುದು 17ರಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಕಲಬುರಗಿಯ ಸೂರ್ಯ ಸುಮಾರು 49 ಡಿಗ್ರಿ ಎತ್ತರದಲ್ಲಿದ್ದರೆ ಅಲ್ಲಿ 21 ಮಾತ್ರ. ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಕಮಲಾಪುರದಲ್ಲಿ ರಾತ್ರಿ ಒಂಬತ್ತು, ಅವ್ವ ಫೋನಿಗೆ ಕಾದಿರುವ ಹೊತ್ತು.

ಭಾಷೆಯಲ್ಲಿ ಮಾತ್ರ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹೆಚ್ಚಿನ ಇಟಾಲಿಯನ್ ಪದಗಳು ಸ್ವರದಲ್ಲಿ ಕೊನೆಯಾಗುತ್ತವೆ, ಒತ್ತಕ್ಷರಕ್ಕೆ ಪೂರ್ಣ ಬೆಲೆಯಿದೆ. 'ಪಾಲಾ' ಎಂದರೆ ಸಲಿಕೆ, 'ಪಲ್ಲಾ' ಎಂದರೆ ಚೆಂಡು. ಇಂಗ್ಲಿಷರು ತಡವರಿಸುವ ಈ ಭೇದ ಹಳಿ, ಹಳ್ಳಿ ಎಂದು ಕಲಿತ ನಾಲಿಗೆಗೆ ಕಷ್ಟವಲ್ಲ. ಕೇಂದ್ರದ ಪಾಠ ಇಂಗ್ಲಿಷಿನಲ್ಲೇ ನಡೆದರೂ ತರಕಾರಿ ಅಂಗಡಿಯಲ್ಲಿ ಇಟಾಲಿಯನ್ ಬೇಕು. ಜೋಳದ ರೊಟ್ಟಿ ಸಿಗದು. ಮೆಕ್ಕೆಜೋಳದ ಹಿಟ್ಟು ಕುದಿಸಿದ 'ಪೊಲೆಂಟಾ' ಸಿಗುತ್ತದೆ, ಶೇಂಗಾ ಹಿಂಡಿ ಒಯ್ದವರಿಗೆ ಅದೇ ಸಾಕು.

ಕಾಗದಪತ್ರದಲ್ಲಿ ಅಲಕ್ಷ್ಯ ಸಲ್ಲದು. ದೀರ್ಘಾವಧಿ ವೀಸಾದಲ್ಲಿ ಹೋದವರು ತಲುಪಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿ ಸಲ್ಲಿಸುವುದು ಸಾಮಾನ್ಯವಾಗಿ ಅಂಚೆ ಕಚೇರಿಯಲ್ಲಿ. 'ಕೋದಿಚೆ ಫಿಸ್ಕಾಲೆ' ಎಂಬ ತೆರಿಗೆ ಸಂಖ್ಯೆಯಿಲ್ಲದೆ ಬಾಡಿಗೆ ಕರಾರೂ ಇಲ್ಲ, ಬ್ಯಾಂಕ್ ಖಾತೆಯೂ ಕಷ್ಟ.

ಇದೇ ಕೇಂದ್ರ 1991ರಿಂದ ಅಭಿವೃದ್ಧಿಶೀಲ ದೇಶಗಳ ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ. ಆಯ್ಕೆಯಾದವರ ವೆಚ್ಚಕ್ಕೆ ವಿದ್ಯಾರ್ಥಿವೇತನವಿದೆ. ಹೊಲ ಮಾರುವ ಮಾತು ತೆಗೆಯುವ ಮೊದಲು ಮಕ್ಕಳೂ ಪಾಲಕರೂ ಕುಳಿತು ಆ ಅರ್ಜಿಯನ್ನು ಒಮ್ಮೆ ಓದಲಿ.