ಹಳೆಯ ಕಾರಿನ ದುರಸ್ತಿ: ಅಂದಾಜು ಪಟ್ಟಿಗೂ ಬೇಕು ಲೆಕ್ಕಪರಿಶೋಧನೆ

ನಮ್ಮ ಜಿಲ್ಲೆಯ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು ಮಾಲು ಕೊಳ್ಳುವಾಗ ಮೂರು ಕಡೆ ದರ ವಿಚಾರಿಸುತ್ತಾರೆ, ತೂಕ ತಾಳೆ ನೋಡುತ್ತಾರೆ, ಬಿಲ್ಲಿನ ಪ್ರತಿ ಸಾಲನ್ನೂ ಓದುತ್ತಾರೆ. ಅದೇ ವ್ಯಾಪಾರಸ್ಥರು ತಮ್ಮ ಹತ್ತು-ಹನ್ನೆರಡು ವರ್ಷದ ಕಾರನ್ನು ಗ್ಯಾರೇಜಿಗೆ ಬಿಟ್ಟಾಗ ಅಲ್ಲಿ ಕೊಡುವ ಅಂದಾಜು ಪಟ್ಟಿಯ ಕೊನೆಯ ಮೊತ್ತವನ್ನಷ್ಟೇ ನೋಡಿ ಒಪ್ಪಿಗೆ ಕೊಡುತ್ತಾರೆ. ಇಲ್ಲವೇ ಮೊತ್ತಕ್ಕೆ ಗಾಬರಿಯಾಗಿ ದುರಸ್ತಿಯನ್ನೇ ಮುಂದೂಡುತ್ತಾರೆ. ಮೊದಲನೆಯದರಿಂದ ಹಣ ವ್ಯರ್ಥವಾಗುತ್ತದೆ, ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಕಾರಿನ ಸಸ್ಪೆನ್ಷನ್ ವಿಷಯದಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ನನ್ನದೇ ಅನುಭವವನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. 2023ರ ಒಣದ್ರಾಕ್ಷಿ ಹಂಗಾಮಿನಲ್ಲಿ ಕಕ್ಷಿದಾರರೊಬ್ಬರ ದಾಸ್ತಾನು ನೋಡಲೆಂದು ತಿಕೋಟಾಕ್ಕೆ ಹೋಗಿ, ಅಲ್ಲಿಂದ ಬಬಲೇಶ್ವರದ ಮಾರ್ಗವಾಗಿ ವಿಜಯಪುರಕ್ಕೆ ಹಿಂದಿರುಗುತ್ತಿದ್ದೆ. ಹನ್ನೆರಡು ವರ್ಷ ಹಳೆಯದಾದ ನನ್ನ ಸಣ್ಣ ಪೆಟ್ರೋಲ್ ಕಾರಿನ ಮುಂದಿನ ಎಡಗಡೆಯಿಂದ 'ಟಕ್ ಟಕ್' ಎಂಬ ಸಪ್ಪಳ ಆರಂಭವಾಯಿತು. ಮರುದಿನ ಒಂದು ದೊಡ್ಡ ವರ್ಕ್‌ಶಾಪಿನವರು ರೂ. 38,400ರ ಅಂದಾಜು ಪಟ್ಟಿ ಕೊಟ್ಟರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಅವುಗಳ ಮೌಂಟ್ ಮತ್ತು ಬೇರಿಂಗ್, ಎರಡೂ ಲೋವರ್ ಆರ್ಮ್, ಲಿಂಕ್ ರಾಡ್, ಟೈ ರಾಡ್ ಎಂಡ್, ಬುಶ್‌ಗಳು, ಎಲ್ಲವೂ ಅದರಲ್ಲಿದ್ದವು. ಆಗ ಆ ಕಾರನ್ನು ಮಾರಿದರೆ ಬರಬಹುದಾಗಿದ್ದ ಬೆಲೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ. ಕಾರಿನ ಬೆಲೆಯ ಕಾಲುಭಾಗಕ್ಕಿಂತ ಹೆಚ್ಚು ಹಣ ಒಂದು ಸಪ್ಪಳಕ್ಕೆ! ಮೂಗಿಗಿಂತ ಮೂಗುತಿ ಭಾರ ಎಂಬಂತಾಯಿತು.

ಕಾರನ್ನು ಪರಿಚಯದ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ಪಟ್ಟಿಯನ್ನು ನೋಡಿದ ಅವರು ಹೇಳಿದ್ದಿಷ್ಟೇ: "ಸಾಹೇಬ್ರ, ಸಪ್ಪಳ ಎಲ್ಲಿಂದ ಬರ್ತದ ಅನ್ನೋದು ಮೊದಲ ಗೊತ್ತಾಗ್ಲಿ. ಸಾಮಾನು ಆಮ್ಯಾಲ ತರೂಣು." ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಇಲ್ಲದೆ ಕೀರ್ದಿಯಲ್ಲಿ ನಮೂದು ಸಲ್ಲದು. ಅಂದಾಜು ಪಟ್ಟಿಯ ಪ್ರತಿಯೊಂದು ಸಾಲೂ ಒಂದು ಹೇಳಿಕೆ ಮಾತ್ರ. ಅದಕ್ಕೆ ಪುರಾವೆ ಕೇಳುವ ಹಕ್ಕು ಹಣ ಕೊಡುವವನದು.

ಸಪ್ಪಳವೇ ಮೊದಲ ಸಾಕ್ಷಿ

ನಮ್ಮ ಭಾಗದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಗಳು ಅಲೆಯಲೆಯಾಗಿ ಏರಿಳಿಯುವುದಕ್ಕೆ ಇದೇ ಮುಖ್ಯ ಕಾರಣ. ಇಂತಹ ರಸ್ತೆಗಳಲ್ಲಿ ಸಸ್ಪೆನ್ಷನ್ನಿನ ರಬ್ಬರ್ ಬುಶ್‌ಗಳು ಹಾಗೂ ಬಾಲ್ ಜಾಯಿಂಟ್‌ಗಳು ಬೇಗ ಸವೆಯುತ್ತವೆ. ಬಾಲ್ ಜಾಯಿಂಟಿನ ರಬ್ಬರ್ ಕವಚ ಹರಿದು ಧೂಳು ಒಳಹೊಕ್ಕರಂತೂ ಅದರ ಆಯುಷ್ಯ ಮುಗಿದಂತೆಯೇ. ಆದರೆ ಎಲ್ಲ ಭಾಗಗಳೂ ಒಂದೇ ದಿನ ಸವೆಯುವುದಿಲ್ಲ. ಯಾವುದು ಸವೆದಿದೆ ಎಂಬುದನ್ನು ಸಪ್ಪಳವೇ ಬಹುಮಟ್ಟಿಗೆ ಸೂಚಿಸುತ್ತದೆ.

ನಿಧಾನವಾಗಿ ಸಣ್ಣ ತಗ್ಗು-ದಿನ್ನೆಗಳ ಮೇಲೆ ಹೋಗುವಾಗ 'ಟಕ್ ಟಕ್' ಎಂದರೆ ಮೊದಲ ಅನುಮಾನ ಲಿಂಕ್ ರಾಡಿನ ಮೇಲೆ. ಬ್ರೇಕ್ ಒತ್ತಿದಾಗ ಅಥವಾ ಗಾಡಿ ಎತ್ತುವಾಗ ಒಮ್ಮೆ 'ಧಡ್' ಎಂದರೆ ಲೋವರ್ ಆರ್ಮಿನ ಬುಶ್ ನೋಡಬೇಕು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಮೇಲ್ಭಾಗದಲ್ಲಿ ಸದ್ದು ಬಂದು ಸ್ಪ್ರಿಂಗ್ ಮಿಡಿದಂತಾದರೆ ಮೌಂಟ್ ಬೇರಿಂಗ್ ಸವೆದಿರಬಹುದು. ಸ್ಟೇರಿಂಗ್ ಪೂರ್ಣ ತಿರುಗಿಸಿ ಮುಂದೆ ಚಲಿಸುವಾಗ ಮಾತ್ರ 'ಕಟಕಟ' ಎಂದರೆ ಅದು ಸಾಮಾನ್ಯವಾಗಿ ಡ್ರೈವ್ ಶಾಫ್ಟಿನ ದೋಷ, ಸಸ್ಪೆನ್ಷನ್ನಿನದಲ್ಲ. ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ನೋಡುವುದು ಸೂಕ್ತ. ಅದರ ಖರ್ಚು ಅತ್ಯಲ್ಪ.

ಕಣ್ಣೆದುರಿನ ಪರೀಕ್ಷೆಗಳು

ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಅದು ಒಮ್ಮೆ ಮೇಲೆದ್ದು ನೆಲೆಗೊಳ್ಳಬೇಕು. ತೊಟ್ಟಿಲಿನಂತೆ ಎರಡು-ಮೂರು ಸಲ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸೋತಿದೆ ಎಂದರ್ಥ. ಇದು ಅಂತಿಮ ತೀರ್ಪಲ್ಲ, ಸೂಚನೆ ಮಾತ್ರ. ಶಾಕಿನ ಮೈಮೇಲೆ ಎಣ್ಣೆಯ ತೆಳು ಪಸೆ ಮತ್ತು ಧೂಳು ಇದ್ದ ಮಾತ್ರಕ್ಕೆ ಅದು ಕೆಟ್ಟಿಲ್ಲ. ಎಣ್ಣೆ ಹರಿದು ತೊಟ್ಟಿಕ್ಕುತ್ತಿದ್ದರೆ ಬದಲಿಸಲೇಬೇಕು. ಟಯರಿನ ಮೈ ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದ್ದರೂ ಶಾಕಿನ ಮೇಲೆ ಅನುಮಾನಕ್ಕೆ ಕಾರಣವಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರುವ ಸಂಭವ ಹೆಚ್ಚು.

ಮುಂದಿನ ಪರೀಕ್ಷೆಗಳನ್ನು ಮಿಸ್ತ್ರಿಯೇ ಮಾಡಬೇಕು, ತಾವು ಪಕ್ಕದಲ್ಲಿ ನಿಂತು ನೋಡಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು; ಗಟ್ಟಿ ಸ್ಟ್ಯಾಂಡ್ ಕಡ್ಡಾಯ. ಎತ್ತಿದ ಗಾಲಿಯನ್ನು ಎಡ-ಬಲಕ್ಕೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ್ಯಾಕ್. ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಬುಶ್‌ಗಳ ಬಿರುಕು, ಸಡಿಲಗಳನ್ನು ಸಲಾಕೆಯಿಂದ ಮೀಟಿ ತೋರಿಸಬಹುದು.

ನನ್ನ ಕಾರಿನಲ್ಲಿ ಮಿಸ್ತ್ರಿ ಎರಡೂ ಲಿಂಕ್ ರಾಡುಗಳನ್ನು ತಾತ್ಕಾಲಿಕವಾಗಿ ಬಿಚ್ಚಿ, ಬಹಳ ನಿಧಾನವಾಗಿ ಓಣಿಯಲ್ಲಿ ಒಂದು ಸುತ್ತು ಓಡಿಸಿದರು. ಸಪ್ಪಳ ನಿಂತಿತು, ಪುರಾವೆ ದೊರೆಯಿತು. ಆದರೆ ಅದೇ ಹೊತ್ತಿನಲ್ಲಿ ಎಡಗಡೆಯ ಬಾಲ್ ಜಾಯಿಂಟ್ ಸಡಿಲವಾಗಿರುವುದೂ ಕಂಡುಬಂದಿತು. ಅದು ಸಪ್ಪಳವನ್ನೇ ಮಾಡುತ್ತಿರಲಿಲ್ಲ. ಸಪ್ಪಳ ನಿಂತಿತೆಂದು ನಾನು ಅಲ್ಲಿಗೇ ಬಿಟ್ಟಿದ್ದರೆ ಅಪಾಯ ಕಾದಿತ್ತು. ವರ್ಕ್‌ಶಾಪಿನ ಪಟ್ಟಿಯ ಆ ಒಂದು ಸಾಲು ಸರಿಯಾಗಿಯೇ ಇತ್ತು ಎಂಬುದನ್ನು ಒಪ್ಪಲೇಬೇಕು. ಕೊನೆಗೆ ತಗುಲಿದ ವೆಚ್ಚ: ಎರಡು ಲಿಂಕ್ ರಾಡ್ ರೂ. 1,800, ಎಡಗಡೆಯ ಲೋವರ್ ಆರ್ಮ್ ರೂ. 2,650, ಕೂಲಿ ರೂ. 1,600, ಅಲೈನ್‌ಮೆಂಟ್ ರೂ. 600, ಒಟ್ಟು ರೂ. 6,650. ಶಾಕ್ ಅಬ್ಸಾರ್ಬರ್‌ಗಳನ್ನು ಹದಿನಾಲ್ಕು ತಿಂಗಳ ನಂತರ, ಎಣ್ಣೆ ಸೋರತೊಡಗಿದಾಗ ಬದಲಿಸಿದೆ.

ಪಟ್ಟಿಗೆ ಕೇಳಬೇಕಾದ ಪ್ರಶ್ನೆಗಳು

ಒಂದು: ಬಿಡಿಭಾಗದ ದರ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ಬರೆದಿದ್ದಾರೆಯೇ?

ಎರಡು: ಒಂದೇ ಕೆಲಸಕ್ಕೆ ಎರಡು ಕೂಲಿ ಇದೆಯೇ? ಶಾಕ್ ಬಿಚ್ಚಿದಾಗ ಮೌಂಟ್ ಹಾಗೂ ಬೇರಿಂಗ್ ಜೊತೆಯಲ್ಲೇ ಹೊರಬರುತ್ತವೆ. ನನ್ನ ಪಟ್ಟಿಯಲ್ಲಿ ಎರಡಕ್ಕೂ ಬೇರೆಬೇರೆ ಕೂಲಿ ಇತ್ತು. ಕೇಳಿದ ಕೂಡಲೇ ಮುಖ ಕೆಡಿಸಿಕೊಳ್ಳದೆ ಒಂದನ್ನು ತೆಗೆದುಹಾಕಿದರು. ಕೇಳದಿದ್ದರೆ?

ಮೂರು: ಜೋಡಿಯಾಗಿ ಬದಲಿಸಲೇಬೇಕೇ? ಶಾಕ್ ಅಬ್ಸಾರ್ಬರ್‌ಗಳನ್ನು ಎಡ-ಬಲ ಜೋಡಿಯಾಗಿಯೇ ಬದಲಿಸುವುದು ಸರಿ. ಲಿಂಕ್ ರಾಡ್, ಲೋವರ್ ಆರ್ಮ್, ಟೈ ರಾಡ್ ಎಂಡ್‌ಗಳಿಗೆ ಆ ನಿರ್ಬಂಧವಿಲ್ಲ.

ನಾಲ್ಕು: ಬುಶ್ ಮಾತ್ರ ಬದಲಿಸಲು ಸಾಧ್ಯವೇ? ಕೆಲವು ಮಾದರಿಗಳಲ್ಲಿ ಬುಶ್ ಒತ್ತಿ ಕೂರಿಸಬಹುದು. ಕೆಲವಕ್ಕೆ ಪೂರ್ಣ ಆರ್ಮ್ ಬೇಕಾಗುತ್ತದೆ.

ಐದು: ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸುತ್ತಾರೆಯೇ? ಇದನ್ನು ಕೆಲಸ ಆರಂಭವಾಗುವ ಮೊದಲೇ ಹೇಳಿಡಬೇಕು.

ಪಟ್ಟಿಯನ್ನು 'ಇಂದೇ', 'ಈ ವರ್ಷ', 'ಗಮನವಿಡಿ' ಎಂದು ಮೂರು ಭಾಗ ಮಾಡಿಸಿಕೊಳ್ಳುವುದು ಉತ್ತಮ. ಸಡಿಲವಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಮುರಿದ ಸ್ಪ್ರಿಂಗ್ ಇವು ಸದಾ 'ಇಂದೇ' ಭಾಗಕ್ಕೆ ಸೇರತಕ್ಕವು. ಓಡುವಾಗ ಬಾಲ್ ಜಾಯಿಂಟ್ ಕಳಚಿದರೆ ಗಾಲಿಯ ಮೇಲಿನ ಹಿಡಿತವೇ ತಪ್ಪುತ್ತದೆ. ಅಲ್ಲಿ ಉಳಿತಾಯದ ಮಾತು ಬೇಡ.

ಕಾಯ್ದೆ ಮತ್ತು ತೆರಿಗೆ

ಬಿಡಿಭಾಗಗಳ ಮಾರುಕಟ್ಟೆಯ ಕುರಿತು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಮಹತ್ವದ ಆದೇಶ ನೀಡಿತು. 14 ಕಾರು ಕಂಪನಿಗಳಿಗೆ ಒಟ್ಟು ರೂ. 2,544 ಕೋಟಿಗೂ ಹೆಚ್ಚು ದಂಡ ವಿಧಿಸಿ, ಬಿಡಿಭಾಗ ಹಾಗೂ ತಪಾಸಣಾ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ಸೂಚಿಸಿತು. ಆದೇಶ ಮೇಲ್ಮನವಿಗಳಿಗೆ ಒಳಗಾದರೂ, ಎರಡನೆಯ ಅಭಿಪ್ರಾಯ ಪಡೆಯುವುದು ಗ್ರಾಹಕನ ನ್ಯಾಯವಾದ ಆಯ್ಕೆ ಎಂಬ ವಿಚಾರಕ್ಕೆ ಅದರಿಂದ ಬಲ ಬಂದಿತು.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18. ಅದಕ್ಕೆ ಮುಂಚೆ ಹೆಚ್ಚಿನ ಭಾಗಗಳಿಗೆ ಶೇ. 28 ಇತ್ತು. ಹಳೆಯ ದರಪಟ್ಟಿ ಹಿಡಿದು ಮಾಡಿದ ಅಂದಾಜನ್ನು ಗಮನಿಸಿ ತಿದ್ದಿಸಬೇಕು. ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನದ ದುರಸ್ತಿಯ ಮೇಲೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆ ತೆರಿಗೆಯೂ ತಮ್ಮ ವೆಚ್ಚವೇ. ವ್ಯವಹಾರಕ್ಕೆ ಬಳಸುವ ಸರಕು ಸಾಗಣೆ ವಾಹನಕ್ಕೆ ಜಮೆ ಲಭ್ಯ. ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿ ನಗದಾಗಿ ಪಾವತಿಸಿದ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಕರಾರು ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ವಾಹನ ಸಂಸ್ಥೆಯ ಹೆಸರಿನಲ್ಲಿದ್ದರೆ 'ವಾಣಿಜ್ಯ ಉದ್ದೇಶ' ಎಂಬ ಆಕ್ಷೇಪ ಬರುವ ಸಂಭವವಿದೆ.

ಕೊನೆಯ ಮಾತು

ಇಷ್ಟೆಲ್ಲ ಹೇಳಿದ್ದು ಗ್ಯಾರೇಜಿನವರನ್ನು ಕಳ್ಳರೆಂದು ಬಗೆಯಲಿಕ್ಕಲ್ಲ. ಗಿರಾಕಿ ಮತ್ತೆ ಸಪ್ಪಳದ ದೂರು ತರಬಾರದೆಂದು ಎಲ್ಲವನ್ನೂ ಒಟ್ಟಿಗೆ ಬದಲಿಸಲು ಸೂಚಿಸುವವರೇ ಹೆಚ್ಚು. ದೋಷ ಹುಡುಕುವ ಕೆಲಸಕ್ಕೆ ನಾವು ಕೂಲಿ ಕೊಡುವುದಿಲ್ಲ. ಆದ್ದರಿಂದ ಅವರು ಸಾಮಾನು ಮಾರಿಯೇ ಗಳಿಸಬೇಕಾಗುತ್ತದೆ. ಅರ್ಧ ಗಂಟೆಯ ತಪಾಸಣೆಗೆ ಸಂತೋಷದಿಂದ ಹಣ ಕೊಟ್ಟು, ಸವೆದ ಭಾಗವನ್ನು ಕಣ್ಣಾರೆ ಕಂಡು, ನಂತರ ಒಪ್ಪಿಗೆ ಕೊಡುವ ಪದ್ಧತಿಯನ್ನು ನಮ್ಮ ಸದಸ್ಯರು ರೂಢಿಸಿಕೊಂಡರೆ ಗಿರಾಕಿಗೂ ಮಿಸ್ತ್ರಿಗೂ ಹಿತ. ಅಂಗಡಿಯ ಲೆಕ್ಕದಲ್ಲಿ ನಾವು ಪಾಲಿಸುವ ಶಿಸ್ತನ್ನೇ ಕಾರಿನ ಲೆಕ್ಕದಲ್ಲಿಯೂ ಪಾಲಿಸಿದರೆ ಸಾಕು.