ಮರುನಿರ್ದೇಶನ ಮತ್ತು ಅನುಮತಿ: ಗಿಟ್ ತಂತ್ರಾಂಶದ ಒಂದು ನಿದರ್ಶನ

ಪ್ರೌಢಶಾಲೆಯ ಗಣಕ ತರಗತಿಯಲ್ಲಿ ಅಂತರಜಾಲದ ಸುರಕ್ಷತೆಯನ್ನು ಬೋಧಿಸುವಾಗ, ವಿಳಾಸವನ್ನು ಪರೀಕ್ಷಿಸಿದ ಮೇಲೆಯೇ ಮುಂದುವರಿಯಬೇಕೆಂಬ ಸೂಚನೆಯೊಡನೆ ಪಾಠ ಮುಗಿದುಹೋಗುವುದುಂಟು. ಸೂಚನೆ ಸರಿಯೇ, ಆದರೆ ಅಪೂರ್ಣ. ವಿದ್ಯಾರ್ಥಿಯು ಕಂಡ ವಿಳಾಸವೇ ಗಣಕವು ಕೊನೆಗೆ ತಲುಪುವ ವಿಳಾಸವಾಗಿರಬೇಕೆಂದಿಲ್ಲ. ಈ ಅಂಶವನ್ನು ಮನಗಾಣಿಸಲು ಗಿಟ್ ಒಳ್ಳೆಯ ನಿದರ್ಶನ.

ಗಿಟ್ ಒಂದು ಆವೃತ್ತಿ ನಿಯಂತ್ರಣ ತಂತ್ರಾಂಶ. ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ರೂಪಿಸಿದರು. ಕಡತಗಳಿಗೆ ಮಾಡಿದ ಒಂದೊಂದು ತಿದ್ದುಪಡಿಯನ್ನೂ ಅದು ದಾಖಲಿಸಿಡುತ್ತದೆ. ದೂರದ ಸರ್ವರಿನಿಂದ ಇಡೀ ಸಂಗ್ರಹದ ಪ್ರತಿಯನ್ನು ತರಿಸಿಕೊಡುತ್ತದೆ. ಹಾಗೆ ತರಿಸುವಾಗ ಆ ಸರ್ವರು, ಬೇಕಾದದ್ದು ಇಲ್ಲಿಲ್ಲ, ಇನ್ನೊಂದು ಕಡೆ ಕೇಳು ಎಂದು ಹೊಸ ವಿಳಾಸವನ್ನು ಕೊಡಬಹುದು. ಇದೇ ಮರುನಿರ್ದೇಶನ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ತಿಳಿಸಿ ಹೋಗುವ ರೂಢಿಗೆ ಇದನ್ನು ಹೋಲಿಸಬಹುದು. ಒಂದು ವ್ಯತ್ಯಾಸವುಂಟು: ಇಲ್ಲಿ ಊರು ಕೇರಿಗಳಷ್ಟೇ ಅಲ್ಲ, ಹೋಗುವ ವಿಧಾನವೂ, ಅಂದರೆ ಪ್ರೋಟೊಕಾಲೂ, ಬದಲಾಗಬಹುದು. (ಇದಕ್ಕೆ ‘ಶಿಷ್ಟಾಚಾರ’ ಎಂಬ ಪದವನ್ನು ಬಳಸಿದರೆ ಮಕ್ಕಳಿಗೆ ಮಂತ್ರಿಗಳ ಭೇಟಿ ನೆನಪಾಗುತ್ತದೆ, ‘ಸಂವಹನ ನಿಯಮ’ ಎಂದು ವಿವರಿಸುವುದು ಲೇಸು.)

ಅಪಾಯವಿರುವುದು ಇಲ್ಲಿಯೇ. ‘ಫೈಲ್’ ಎಂಬ ಪ್ರೋಟೊಕಾಲ್ ದೂರದ ಸರ್ವರನ್ನಲ್ಲ, ಬಳಕೆದಾರನ ಗಣಕದಲ್ಲಿರುವ ಕಡತವನ್ನೇ ತೆರೆಯುತ್ತದೆ. ಎಚ್‌ಟಿಟಿಪಿ ಮೂಲಕ ಕಡತಗಳನ್ನು ತರಲು ಗಿಟ್ ಆಶ್ರಯಿಸಿರುವ ಕರ್ಲ್ ಗ್ರಂಥಾಲಯದಲ್ಲಿ ಇಂತಹ ದೋಷವಿತ್ತು: ದುರುದ್ದೇಶದ ಸರ್ವರೊಂದು ಮರುನಿರ್ದೇಶನದ ಮೂಲಕ ಅದನ್ನು ಬಳಕೆದಾರನ ಸ್ವಂತ ಕಡತಗಳತ್ತ ತಿರುಗಿಸಬಹುದಾಗಿತ್ತು. 2009ರ ಮಾರ್ಚ್‌ನಲ್ಲಿ ಹೊರಬಂದ 7.19.4 ಆವೃತ್ತಿಯು ಇದನ್ನು ಸರಿಪಡಿಸಿತು. ಮರುನಿರ್ದೇಶನದ ವೇಳೆ ಯಾವ ಪ್ರೋಟೊಕಾಲ್‌ಗಳಿಗೆ ಅನುಮತಿಯಿದೆ ಎಂಬುದನ್ನು ಪ್ರತ್ಯೇಕವಾಗಿ ಗೊತ್ತುಪಡಿಸುವ ಸೌಲಭ್ಯವನ್ನೂ ಒದಗಿಸಿತು.

2015ರಲ್ಲಿ ಬಂದ ಗಿಟ್ 2.6.1 ಆವೃತ್ತಿಯು ಈ ಸೌಲಭ್ಯವನ್ನು ಬಳಸಿಕೊಂಡು, ಮರುನಿರ್ದೇಶನವನ್ನು ಅನುಮತಿಸಿದ ಕೆಲವೇ ಪ್ರೋಟೊಕಾಲ್‌ಗಳಿಗೆ ಸೀಮಿತಗೊಳಿಸಿತು. ಸತತ ಮರುನಿರ್ದೇಶನಗಳಿಗೆ 20ರ ಮಿತಿಯನ್ನೂ ಹಾಕಿತು. ಕೆಟ್ಟವುಗಳನ್ನು ಎಣಿಸಿ ನಿಷೇಧಿಸುವ ಬದಲು ಒಳ್ಳೆಯವುಗಳನ್ನು ಹೆಸರಿಸಿ ಅನುಮತಿಸುವ ಈ ಕ್ರಮವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ನಾಳೆ ಹುಟ್ಟುವ ಹೊಸ ಪ್ರೋಟೊಕಾಲ್ ನಿಷೇಧಪಟ್ಟಿಯಲ್ಲಿ ಇರಲಾರದು.

2017ರ 2.12 ಆವೃತ್ತಿಯಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆ ಕಂಡುಬರುತ್ತದೆ. ಒಂದೊಂದು ಪ್ರೋಟೊಕಾಲ್‌ಗೂ ‘ಯಾವಾಗಲೂ’, ‘ಎಂದಿಗೂ ಇಲ್ಲ’, ‘ಬಳಕೆದಾರ ಕೇಳಿದರೆ ಮಾತ್ರ’ ಎಂಬ ಮೂರರಲ್ಲಿ ಒಂದನ್ನು ನಿಗದಿಪಡಿಸಬಹುದು. ಮರುನಿರ್ದೇಶನದಿಂದ ಬಂದ ವಿಳಾಸವನ್ನು ಬಳಕೆದಾರ ಕೇಳಿದ್ದೆಂದು ಗಿಟ್ ಪರಿಗಣಿಸುವುದಿಲ್ಲ. ಆದ್ದರಿಂದ ಎಚ್‌ಟಿಟಿಪಿಗೆ ಮೂರನೆಯದನ್ನು ನಿಗದಿಪಡಿಸಿದರೆ, ಗೂಢಲಿಪಿಯ ರಕ್ಷಣೆಯಿರುವ ಎಚ್‌ಟಿಟಿಪಿಎಸ್‌ನಿಂದ ರಕ್ಷಣೆಯಿಲ್ಲದ ಎಚ್‌ಟಿಟಿಪಿಗೆ ಎಳೆದೊಯ್ಯುವ ಪ್ರಯತ್ನ ವಿಫಲವಾಗುತ್ತದೆ. ಬಳಕೆದಾರ ತಾನೇ ಎಚ್‌ಟಿಟಿಪಿ ವಿಳಾಸವನ್ನು ಬರೆದರೆ ಅಡ್ಡಿಯಿಲ್ಲ. ಒಂದೇ ವಿಳಾಸ, ಕೊಟ್ಟವರು ಬೇರೆ, ಉತ್ತರವೂ ಬೇರೆ. ತರಗತಿಯ ಚರ್ಚೆಗೆ ಇದಕ್ಕಿಂತ ತಕ್ಕ ಪ್ರಶ್ನೆ ಸಿಗಲಾರದು.

ಹಳೆಯ ಕರ್ಲ್ ಇದ್ದ ಗಣಕಗಳಲ್ಲಿ ಈ ನಿರ್ಬಂಧವನ್ನು ಜಾರಿಗೊಳಿಸಲು ಸಾಧ್ಯವಿರಲಿಲ್ಲ. ಅಲ್ಲಿ ಗಿಟ್ ಸುಮ್ಮನಿರದೆ, ಮರುನಿರ್ದೇಶನಕ್ಕೆ ನಿರ್ಬಂಧ ಅನ್ವಯವಾಗಿಲ್ಲವೆಂಬ ಎಚ್ಚರಿಕೆಯನ್ನು ತೆರೆಯ ಮೇಲೆ ತೋರಿಸುತ್ತಿತ್ತು.